‘ಮೇಲ್ ಓಪನ್ ಆಗ್ತಿಲ್ಲ’ ಅಂದ್ರೆ ಸರ್ವರ್ ಡೌನ್ ಅಂತಲ್ಲ: ರಾತ್ರಿಯಿಡೀ ಬಾಗಿಲು ತಳ್ಳೋರು ಯಾರು, ಹೊರಗೆ ಉಳಿಯೋರು ಯಾರು?

ಶಿವಮೊಗ್ಗ/ಭದ್ರಾವತಿ : ‘ಸರ್ವರ್ ಡೌನ್’. ನಮ್ಮ ಜಿಲ್ಲೆಯಲ್ಲಿ ಈ ಎರಡು ಪದ ಕೇಳದೆ ಒಂದು ವಾರ ಕಳೆಯೋದು ಕಷ್ಟ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತವರಿಗೂ ಅದೇ ಉತ್ತರ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾಯುತ್ತಾ ಕೂತವರಿಗೂ ಅದೇ ಉತ್ತರ. ಸರ್ವರ್ ತಾನಾಗೇ ಬಿತ್ತಾ, ಯಾರಾದರೂ ಬೀಳಿಸಿದ್ರಾ, ಇಲ್ಲಾ ನಮ್ಮನ್ನೇ ಕಳ್ಳ ಅಂದುಕೊಂಡು ಹೊರಗೆ ನಿಲ್ಲಿಸಿದೆಯಾ ಅಂತ ಕೇಳೋರು ಮಾತ್ರ ಕಡಿಮೆ.

2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ರಾಜ್ಯದ ತುಂಬ ಕೈಕೊಟ್ಟಿದ್ದು ಹಲವರಿಗೆ ನೆನಪಿರುತ್ತೆ. ಸೈಟ್, ಜಮೀನು ನೋಂದಣಿಗೆ ದಿನ ಗೊತ್ತು ಮಾಡಿಕೊಂಡವರು ಬಂದು ವಾಪಸ್ ಹೋದರು. ಮೊದಲು ಎಲ್ಲರ ಬಾಯಲ್ಲೂ ಬಂದಿದ್ದು ಸರ್ವರ್ ಸಮಸ್ಯೆ ಅಂತಲೇ. ಆಮೇಲೆ ಇದು ದಾಳಿ ಅಂತ ಸರ್ಕಾರವೇ ಹೇಳಿತು. ಇಸಿ ಹುಡುಕುವ ಸೇವೆಗೆ ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆ ನುಗ್ಗಿದ್ದವು. ಅಂದರೆ ಸೆಕೆಂಡಿಗೆ ಸುಮಾರು 86. ದಾಳಿಗೆ ಬಳಕೆಯಾಗಿದ್ದು 62 ಖಾತೆ, 14 ಐಪಿ ವಿಳಾಸ.

ಅದು ಪಾಸ್‌ವರ್ಡ್ ಊಹಿಸುವ ದಾಳಿ ಅಲ್ಲ. ಕೌಂಟರ್ ಮುಂದೆ ಸುಳ್ಳು ಗಿರಾಕಿಗಳನ್ನು ಸಾಲಾಗಿ ನಿಲ್ಲಿಸಿ, ನಿಜವಾದ ಗಿರಾಕಿ ಒಳಗೆ ಬಾರದ ಹಾಗೆ ಮಾಡಿದ್ದು. ಆದರೆ ಅದರಿಂದ ಒಂದು ವಿಷಯ ಗೊತ್ತಾಯಿತು. ಒಂದೇ ಕಡೆಯಿಂದ ಅತಿಯಾಗಿ ಬಾಗಿಲು ಬಡಿಯೋರನ್ನ ಗುರುತಿಸಿ ಪಕ್ಕಕ್ಕೆ ಸರಿಸುವ ವ್ಯವಸ್ಥೆ ಇಲ್ಲದಿದ್ದರೆ ಎಷ್ಟೇ ದೊಡ್ಡ ಸರ್ವರ್ ಆದರೂ ಕುಸಿಯುತ್ತೆ. ಇದರ ಸಣ್ಣ ರೂಪ, ಸದ್ದಿಲ್ಲದ ರೂಪ, ನಮ್ಮ ಊರಿನ ಅಂಗಡಿ, ಫ್ಯಾಕ್ಟರಿ, ಶಾಲೆಗಳ ಮೇಲ್ ಸರ್ವರ್‌ಗಳ ಮೇಲೆ ದಿನಾ ನಡೀತಿದೆ. ಸುದ್ದಿ ಆಗೋದಿಲ್ಲ ಅಷ್ಟೇ.

ನಮ್ಮ ಮೇಲ್ ಯಾರಿಗೆ ಬೇಕು?

ಈ ಪ್ರಶ್ನೆ ಸಹಜ. ಗಾಂಧಿ ಬಜಾರಿನ ಬಟ್ಟೆ ಅಂಗಡಿ ಮೇಲ್ ತಗೊಂಡು ರಷ್ಯಾದವನೋ ಇನ್ನೊಬ್ಬನೋ ಏನು ಮಾಡ್ತಾನೆ ಅಂತ.

ಮೊದಲನೆಯದಾಗಿ, ಅವನಿಗೆ ಅದು ನಿಮ್ಮ ಅಂಗಡಿ ಅಂತಲೇ ಗೊತ್ತಿರಲ್ಲ. ಬಾಗಿಲು ತಳ್ಳುವುದು ಮನುಷ್ಯ ಅಲ್ಲ, ಬಾಟ್. ಇಂಟರ್‌ನೆಟ್‌ನಲ್ಲಿರುವ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟುತ್ತಾ ಹೋಗುತ್ತೆ. ಮೇಲ್ ಸರ್ವರ್ ಸಿಕ್ಕಿದರೆ ಇನ್ಫೋ, ಅಡ್ಮಿನ್, ಸೇಲ್ಸ್, ಅಕೌಂಟ್ಸ್ ಅಂತ ಎಲ್ಲರೂ ಇಟ್ಟುಕೊಳ್ಳುವ ಹೆಸರುಗಳನ್ನು ಹಾಕಿ, ಜೊತೆಗೆ ಪಾಸ್‌ವರ್ಡ್ ಪಟ್ಟಿ ಹಿಡಿದು ಶುರು ಮಾಡುತ್ತೆ. ಅಂಗಡಿ ಹೆಸರು, ಆಮೇಲೆ ಅಟ್ 123. ಊರಿನ ಹೆಸರು, ಆಮೇಲೆ ಇಸವಿ. ನಮ್ಮಲ್ಲಿ ಎಷ್ಟು ಪಾಸ್‌ವರ್ಡ್ ಈ ಎರಡು ಅಚ್ಚಿನಲ್ಲೇ ಇವೆ ಅಂತ ನೀವೇ ಯೋಚಿಸಿ, ನನಗೆ ಹೇಳಬೇಡಿ.

ಎರಡನೆಯದಾಗಿ, ಮೇಲ್ ಅಂದರೆ ಈಗ ಬರೀ ಪತ್ರ ಅಲ್ಲ, ಬೀಗದ ಕೈ ಗೊಂಚಲು. ಜಿಎಸ್‌ಟಿ ಪೋರ್ಟಲ್‌ನ ಓಟಿಪಿ ಅಲ್ಲಿಗೆ ಬರುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟ್ ಅಲ್ಲಿಗೆ ಬರುತ್ತೆ. ಬೇರೆ ಯಾವುದೇ ಸೈಟಿನಲ್ಲಿ ‘ಪಾಸ್‌ವರ್ಡ್ ಮರೆತಿದ್ದೀರಾ’ ಒತ್ತಿದರೆ ಲಿಂಕ್ ಬರೋದೂ ಅಲ್ಲಿಗೇ.

ಇನ್ನೂ ಕೆಟ್ಟದ್ದು, ಒಳಗೆ ಹೊಕ್ಕವನು ಗಲಾಟೆ ಮಾಡದೆ ಕೂತು ಓದೋದು. ಹೀಗೆ ಅಂದುಕೊಳ್ಳಿ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕ ಹೊರ ರಾಜ್ಯದ ಕಂಪನಿಗೆ ಎರಕದ ಮಾಲು ಕಳಿಸಿದೆ, 14 ಲಕ್ಷದ ಬಿಲ್ ಬಾಕಿ ಇದೆ. ಮೇಲ್ ಒಳಗೆ ಕೂತವನು ಬಿಲ್ ಹೋಗುವವರೆಗೂ ಕಾಯ್ತಾನೆ. ಹೋದ ಮರುದಿನ ಅದೇ ವಿಳಾಸದಿಂದ, ಅದೇ ಲೆಟರ್‌ಹೆಡ್‌ನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಒಂದು ಸಾಲು ಕಳಿಸ್ತಾನೆ. ಆ ಕಡೆಯವರು ಹಣ ಹಾಕ್ತಾರೆ. ತಪ್ಪು ಯಾರದು? ಮೇಲ್ ಹೋಗಿದ್ದು ನಿಮ್ಮ ವಿಳಾಸದಿಂದಲೇ. ಅಡಿಕೆ ಮಂಡಿಯಲ್ಲಿ ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ವ್ಯವಹಾರ ನಡೆಯುವ ಊರಲ್ಲಿ ಹಣಕ್ಕಿಂತ ಹೆಚ್ಚು ಹೋಗೋದು ನಂಬಿಕೆ.

ಅಷ್ಟೂ ಆಗದಿದ್ದರೆ, ನಿಮ್ಮ ಖಾತೆಯಿಂದ ರಾತ್ರೋರಾತ್ರಿ ಸಾವಿರಾರು ಸ್ಪ್ಯಾಮ್ ಮೇಲ್ ಹೊರಡುತ್ತೆ. ಬೆಳಗ್ಗೆ ಹೊತ್ತಿಗೆ ನಿಮ್ಮ ಸರ್ವರ್ ಕಪ್ಪುಪಟ್ಟಿ ಸೇರಿರುತ್ತೆ. ಆಮೇಲೆ ನೀವು ಕಳಿಸಿದ ಸಾಚಾ ಕೊಟೇಶನ್ ಕೂಡ ಗಿರಾಕಿಯ ಸ್ಪ್ಯಾಮ್ ಡಬ್ಬಿಗೆ ಬೀಳುತ್ತೆ. ಆ ಪಟ್ಟಿಯಿಂದ ಹೊರಬರಲು ಎಷ್ಟು ದಿನ ಹಿಡಿಯುತ್ತೆ ಅನ್ನೋದು ನಿಮ್ಮ ಕೈಯಲ್ಲಿರಲ್ಲ.

ಐದು ಸಲ ತಪ್ಪಿದರೆ ಹತ್ತು ನಿಮಿಷ ಹೊರಗೆ

ಇದನ್ನು ತಡೆಯುವ ಹಳೇ ಉಪಾಯ ಸರಳ. ರಾತ್ರಿ ಬೀಟ್ ಪೊಲೀಸ್ ಏನು ಮಾಡ್ತಾರೆ? ಒಬ್ಬ ಒಂದು ಅಂಗಡಿ ಶಟರ್ ಮುಟ್ಟಿದರೆ ನೋಡ್ತಾರೆ. ಅದೇ ಮನುಷ್ಯ ಐದು ಶಟರ್ ಅಲ್ಲಾಡಿಸಿದರೆ ಕಾಲರ್ ಹಿಡೀತಾರೆ. ಫೇಲ್2ಬ್ಯಾನ್ ಅನ್ನೋ ಉಚಿತ ತಂತ್ರಾಂಶ ಮಾಡೋದು ಇಷ್ಟೇ. ಸಿರಿಲ್ ಜಾಕಿಯೆ ಎಂಬವರು 2004ರಲ್ಲಿ ಶುರು ಮಾಡಿದ ಇದು ಇಂದಿಗೂ ಲಿನಕ್ಸ್ ಸರ್ವರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ.

ಪ್ರತಿ ಮೇಲ್ ಸರ್ವರ್ ಒಂದು ದಿನಚರಿ ಬರೆಯುತ್ತೆ, ಅದಕ್ಕೆ ಲಾಗ್ ಅಂತಾರೆ. ಯಾರು ಬಂದರು, ಯಾವ ಐಪಿ ವಿಳಾಸದಿಂದ ಬಂದರು, ಪಾಸ್‌ವರ್ಡ್ ಸರಿ ಇತ್ತಾ ತಪ್ಪಿತ್ತಾ, ಎಲ್ಲ ಅದರಲ್ಲಿರುತ್ತೆ. ಫೇಲ್2ಬ್ಯಾನ್ ಆ ದಿನಚರಿಯನ್ನು ಓದುತ್ತಲೇ ಇರುತ್ತೆ. ಅದರ ಮಾಮೂಲಿ ಲೆಕ್ಕ ಹೀಗೆ: 10 ನಿಮಿಷದೊಳಗೆ ಒಂದೇ ವಿಳಾಸದಿಂದ 5 ಸಲ ತಪ್ಪಾದರೆ, ಆ ವಿಳಾಸಕ್ಕೆ 10 ನಿಮಿಷ ಪ್ರವೇಶ ಇಲ್ಲ. ಈ ಅಂಕಿಗಳನ್ನು ಏರಿಸಬಹುದು, ಇಳಿಸಬಹುದು. ಮತ್ತೆ ಮತ್ತೆ ಸಿಕ್ಕಿಬೀಳುವವರಿಗೆ ಶಿಕ್ಷೆ ದಿನಗಟ್ಟಲೆ ಹೆಚ್ಚಾಗುವ ಹಾಗೂ ಮಾಡಬಹುದು. ಸಿಪ್ಯಾನಲ್ ಹೋಸ್ಟಿಂಗ್ ಇದ್ದವರಿಗೆ ಇದೇ ಕೆಲಸವನ್ನು ಸಿಪಿಹಲ್ಕ್ ಅನ್ನೋದು ಮಾಡುತ್ತೆ.

ಹತ್ತೇ ನಿಮಿಷ ತಡೆದರೆ ಏನು ಪ್ರಯೋಜನ ಅಂತೀರಾ? ಲೆಕ್ಕ ಹಾಕೋಣ. ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೂ ಇಷ್ಟು ಬರುತ್ತೆ. ಬಾಟ್ ಕೈಯಲ್ಲಿ 10,000 ಪಾಸ್‌ವರ್ಡ್ ಪಟ್ಟಿ ಇದೆ ಅಂದುಕೊಳ್ಳಿ. ತಡೆ ಇಲ್ಲದಿದ್ದರೆ, ಸೆಕೆಂಡಿಗೆ 10ರಂತೆ ಹಾಕಿದರೂ 17 ನಿಮಿಷದಲ್ಲಿ ಪಟ್ಟಿ ಮುಗಿಯುತ್ತೆ. ನೀವು ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಆಗಿರುತ್ತೆ. ತಡೆ ಇದ್ದರೆ 10 ನಿಮಿಷಕ್ಕೆ 5, ದಿನಕ್ಕೆ 720. ಅದೇ ಪಟ್ಟಿ ಮುಗಿಯಲು ಸುಮಾರು 14 ದಿನ ಬೇಕು. ಬಹಳಷ್ಟು ಬಾಟ್‌ಗಳು ಅಷ್ಟು ಕಾಯದೆ ಮುಂದಿನ ಮನೆಗೆ ಹೋಗ್ತಾವೆ.

ಇಲ್ಲಿ ಒಂದು ಕಿವಿಮಾತು ಅಂತಲೇ ಹೇಳಬೇಕು. ‘ಫೇಲ್2ಬ್ಯಾನ್ ಹಾಕಿದೀವಿ ಸಾರ್’ ಅಂತ ಕಂಪ್ಯೂಟರ್ ಹುಡುಗರು ಹೇಳಿದ ಕೂಡಲೇ ನೆಮ್ಮದಿಯಾಗಬೇಡಿ. ತಂತ್ರಾಂಶ ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಅದು ಮೇಲ್ ಕಾಯಲ್ಲ. ಯಾವ್ಯಾವ ಬಾಗಿಲು ಕಾಯಬೇಕು ಅಂತ ಒಂದೊಂದಾಗಿ ಹೇಳಬೇಕು. ಡೆಬಿಯನ್‌ನಂಥ ಲಿನಕ್ಸ್‌ನಲ್ಲಿ ಮೊದಲಿಗೆ ಚಾಲೂ ಇರೋದು ಸರ್ವರ್ ನಿರ್ವಹಣೆಯ ಎಸ್‌ಎಸ್‌ಎಚ್ ಬಾಗಿಲಿನ ಕಾವಲು ಮಾತ್ರ. ಮೇಲ್ ಕಳಿಸುವ ಪೋಸ್ಟ್‌ಫಿಕ್ಸ್, ಮೇಲ್ ಓದಿಸುವ ಡವ್‌ಕಾಟ್, ಇವೆರಡರ ಕಾವಲನ್ನು ಬೇರೆಯಾಗಿ ಹಚ್ಚಬೇಕು. ಬ್ರೌಸರ್‌ನಲ್ಲಿ ತೆರೆಯುವ ವೆಬ್‌ಮೇಲ್ ಪುಟದ್ದು ಮತ್ತೊಂದು ಕಥೆ. ಆ ದಾರಿಯಲ್ಲಿ ಬಂದ ಕಳ್ಳನ ವಿಳಾಸ ಮೇಲ್ ಲಾಗ್‌ನಲ್ಲಿ ಎಷ್ಟೋ ಸಲ ಸರ್ವರ್‌ನ ಸ್ವಂತ ವಿಳಾಸವಾಗಿಯೇ ಕಾಣುತ್ತೆ. ಕಾವಲುಗಾರ ತನ್ನ ಮನೆಯವನೇ ಅಂತ ಸುಮ್ಮನಿರ್ತಾನೆ. ಅದಕ್ಕೂ ಪ್ರತ್ಯೇಕ ಕಾವಲು ಬೇಕು. ಮುಂಬಾಗಿಲಿಗೆ ಮೂರು ಬೀಗ ಹಾಕಿ ಹಿತ್ತಿಲ ಬಾಗಿಲು ಬಿಟ್ಟ ಹಾಗಿನ ಸರ್ವರ್‌ಗೆ ನೀವು ವರ್ಷಾ ವರ್ಷ ದುಡ್ಡು ಕಟ್ತಿರಬಹುದು.

ಬೇಲಿಯೇ ಎದ್ದು ಹೊಲ ಮೇಯ್ದಾಗ

ಈಗ ಅಸಲು ವಿಷಯಕ್ಕೆ ಬರೋಣ. ಈ ಕಾವಲಿಗೆ ನಮ್ಮ ಕಡೆ ಆಗಾಗ ಸಿಕ್ಕಿಬೀಳೋದು ಕಳ್ಳ ಅಲ್ಲ, ನಮ್ಮದೇ ಆಫೀಸು.

ಹೇಗೆ ಅಂದ್ರೆ, ಒಂದು ಆಫೀಸಿನಲ್ಲಿ ಎಂಟು ಕಂಪ್ಯೂಟರ್, ಹತ್ತು ಮೊಬೈಲ್ ಇದ್ದರೂ ಎಲ್ಲಕ್ಕೂ ಇರೋದು ಒಂದೇ ವೈಫೈ, ಒಂದೇ ಇಂಟರ್‌ನೆಟ್ ಲೈನ್. ಹೊರಗಿನ ಸರ್ವರ್‌ಗೆ ಸಾಮಾನ್ಯವಾಗಿ ಕಾಣೋದು ಒಂದೇ ವಿಳಾಸ. ಮಾಲೀಕರು ಯಾರೋ ಹೇಳಿದರು ಅಂತ ಅಕೌಂಟ್ಸ್ ಮೇಲ್‌ನ ಪಾಸ್‌ವರ್ಡ್ ಬದಲಾಯಿಸ್ತಾರೆ. ಅಕೌಂಟೆಂಟ್ ತಮ್ಮ ಕಂಪ್ಯೂಟರ್‌ಗೆ ಹೊಸದು ಹಾಕ್ತಾರೆ. ಆದರೆ ಡ್ರಾಯರ್‌ನಲ್ಲಿ ಚಾರ್ಜಿಗೆ ಹಾಕಿಟ್ಟ ಹಳೇ ಮೊಬೈಲ್‌ನಲ್ಲಿ ಹಳೇ ಪಾಸ್‌ವರ್ಡೇ ಇರುತ್ತೆ. ಅದು ಪಾಪ, ಮೇಲ್ ಬಂತಾ ನೋಡೋಣ ಅಂತ ಕೆಲವು ನಿಮಿಷಕ್ಕೊಮ್ಮೆ ಹೋಗಿ ಬಾಗಿಲು ತಟ್ಟುತ್ತೆ. ಪ್ರತಿ ಸಲವೂ ತಪ್ಪು. ಐದನೇ ತಪ್ಪಿಗೆ ಸರ್ವರ್ ಆ ವಿಳಾಸವನ್ನೇ ಮುಚ್ಚುತ್ತೆ. ಆ ವಿಳಾಸ ಇಡೀ ಆಫೀಸಿನದು! ಸರಿ ಪಾಸ್‌ವರ್ಡ್ ಇದ್ದ ಏಳೂ ಜನ ಹೊರಗೆ. ‘ಸರ್ವರ್ ಡೌನ್’ ಅಂತ ಫೋನ್ ಹೋಗುತ್ತೆ. ಹತ್ತು ನಿಮಿಷ ಕಳೆದು ತಾನಾಗೇ ಸರಿಹೋಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತೆ. ಕರೆಂಟ್ ಬಂದು ಹೋದ ಹಾಗೆ. ಮೊಬೈಲ್ ಡೇಟಾ ಆನ್ ಮಾಡಿ ನೋಡಿದರೆ ಮೇಲ್ ಬರುತ್ತೆ, ವೈಫೈನಲ್ಲಿ ಬರಲ್ಲ. ನಿಮ್ಮಲ್ಲೂ ಹೀಗೇ ಆಗ್ತಿದ್ದರೆ ಮೊದಲು ಹಳೇ ಮೊಬೈಲ್ ಹುಡುಕಿ.

ಮೊಬೈಲ್ ಡೇಟಾದಲ್ಲಿ ಬೇರೆ ತರದ ತೊಂದರೆ ಇದೆ. ಹಳೆ ಮಾದರಿಯ ಐಪಿ ವಿಳಾಸ ಇಡೀ ಪ್ರಪಂಚಕ್ಕೆ ಇರೋದು ಸುಮಾರು 430 ಕೋಟಿ ಮಾತ್ರ. ಎಲ್ಲರಿಗೂ ಒಂದೊಂದು ಸಾಲಲ್ಲ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸ್ತಾರೆ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದ ಹಾಗೆ. ಅದರಲ್ಲಿ ಯಾರೋ ಒಬ್ಬನ ಫೋನಿನಲ್ಲಿ ವೈರಸ್ ಇದ್ದು ಅದು ನಿಮ್ಮ ಸರ್ವರ್ ಮೇಲೆ ಬಿದ್ದರೆ, ಅದೇ ವಠಾರದಲ್ಲಿದ್ದ ನಿಮ್ಮ ಸೇಲ್ಸ್ ಹುಡುಗನಿಗೂ ಮೇಲ್ ಬಂದ್. ಇದಕ್ಕೇ ಬ್ಯಾನ್ ಅವಧಿಯನ್ನು ವರ್ಷಗಟ್ಟಲೆ ಇಡೋ ಉತ್ಸಾಹ ನನಗೆ ಸರಿ ಕಾಣಲ್ಲ. ಮೊದಲು ಹತ್ತು ನಿಮಿಷ, ಮತ್ತೆ ಬಂದರೆ ಒಂದು ಗಂಟೆ, ಆಮೇಲೆ ಒಂದು ದಿನ ಅಂತ ಏರಿಸುತ್ತಾ ಹೋಗೋದು ವಾಸಿ.

ಇದಕ್ಕೆ ಪರ್ಯಾಯವಾಗಿ ಕೆಲವರು ವಿಳಾಸ ಬಿಟ್ಟು ಖಾತೆಯನ್ನೇ ಲಾಕ್ ಮಾಡ್ತಾರೆ. ಐದು ತಪ್ಪಾದರೆ ಆ ಖಾತೆಗೆ ಯಾರೂ ಬರೋ ಹಾಗಿಲ್ಲ, ಯಜಮಾನನೂ ಸೇರಿ. ಎಟಿಎಂ ಕಾರ್ಡ್ ಅಭ್ಯಾಸದಿಂದ ಇದು ಸರಿ ಅನ್ನಿಸುತ್ತೆ. ಆದರೆ ಎಟಿಎಂಗೆ ಕಾರ್ಡ್ ಕೈಯಲ್ಲಿರಬೇಕು, ಮೇಲ್‌ಗೆ ವಿಳಾಸ ಗೊತ್ತಿದ್ದರೆ ಸಾಕು. ಅದು ನಿಮ್ಮ ವಿಸಿಟಿಂಗ್ ಕಾರ್ಡ್ ಮೇಲೇ ಇದೆ. ನಿಮ್ಮ ಮೇಲೆ ಹೊಟ್ಟೆಕಿಚ್ಚಿರುವ ಪಕ್ಕದ ಅಂಗಡಿಯವನು ದಿನಾ ಬೆಳಗ್ಗೆ ಐದು ತಪ್ಪು ಪಾಸ್‌ವರ್ಡ್ ಹೊಡೆದರೂ ನಿಮ್ಮ ಮೇಲ್ ಬಂದ್! 2017ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡ್ ಸಂಸತ್ತಿನ ಮೇಲ್ ಮೇಲೆ ಪಾಸ್‌ವರ್ಡ್ ಊಹಿಸುವ ದಾಳಿ ನಡೆದಾಗ, ನಿಮ್ಮ ಖಾತೆ ಲಾಕ್ ಆಗಬಹುದು ಅಂತ ಸದಸ್ಯರಿಗೇ ಎಚ್ಚರಿಕೆ ಕೊಡಬೇಕಾಯಿತು.

ನಿಧಾನವಾಗಿ ಬರೋನು ಸಿಗಲ್ಲ

ಇಷ್ಟೆಲ್ಲ ಮಾಡಿದರೂ ಬುದ್ಧಿವಂತ ಕಳ್ಳ ಇದನ್ನು ದಾಟ್ತಾನೆ. ಐದಕ್ಕೆ ಬ್ಯಾನ್ ಅಂತ ಅವನಿಗೂ ಗೊತ್ತು. ನಾಲ್ಕಕ್ಕೆ ನಿಲ್ಲಿಸ್ತಾನೆ. ಅವನ ಕೈಯಲ್ಲಿ ಬೇರೆಯವರ ಹಾಳಾದ ಕಂಪ್ಯೂಟರ್, ರೂಟರ್‌ಗಳ ಸಾವಿರ ವಿಳಾಸ ಇದ್ದರೆ, ಒಂದೊಂದರಿಂದ 10 ನಿಮಿಷಕ್ಕೆ 4 ಸಲ ಮಾತ್ರ ಪ್ರಯತ್ನಿಸಿದರೂ ಗಂಟೆಗೆ 24,000 ಊಹೆ. ಒಂದೇ ಒಂದು ವಿಳಾಸವೂ ಬ್ಯಾನ್ ಆಗಲ್ಲ. ಕಾವೇರಿ 2.0 ವಿಷಯದಲ್ಲಿ 14 ವಿಳಾಸಕ್ಕೇ ಅಷ್ಟು ಕಷ್ಟ ಆಯಿತು ಅನ್ನೋದನ್ನ ಇಲ್ಲಿ ನೆನಪಿಸಿಕೊಳ್ಳಿ.

ದೊಡ್ಡವರೂ ಇದರಲ್ಲಿ ಬಿದ್ದಿದ್ದಾರೆ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಒಳಗೆ ರಷ್ಯಾದ ಗುಂಪೊಂದು ಹೊಕ್ಕಿದ್ದು ಹೀಗೇ. ಕೆಲವೇ ಖಾತೆ, ಕೆಲವೇ ಪ್ರಯತ್ನ, ಬ್ಲಾಕ್ ಆಗದಷ್ಟು ನಿಧಾನ. ಸಿಕ್ಕಿದ್ದು ಯಾರೂ ಬಳಸದ ಹಳೇ ಟೆಸ್ಟ್ ಖಾತೆ, ಅದಕ್ಕೆ ಎರಡನೇ ಹಂತದ ದೃಢೀಕರಣ ಇರಲಿಲ್ಲ. ಅಲ್ಲಿಂದ ಕಂಪನಿಯ ಹಿರಿಯ ಅಧಿಕಾರಿಗಳ ಮೇಲ್‌ವರೆಗೂ ಹೋದರು. ಕಂಪನಿಗೆ ಗೊತ್ತಾಗಿದ್ದು 2024ರ ಜನವರಿಯಲ್ಲಿ. 2017ರ ಜೂನ್‌ನಲ್ಲಿ ಬ್ರಿಟನ್ ಸಂಸತ್ತಿನ ಸುಮಾರು 9,000 ಮೇಲ್ ಖಾತೆಗಳ ಮೇಲೆ ದಾಳಿ ಆದಾಗ ಒಡೆದಿದ್ದು ಶೇ. 1ಕ್ಕಿಂತ ಕಡಿಮೆ. ಅವು ಸುಲಭದ ಪಾಸ್‌ವರ್ಡ್ ಇಟ್ಟುಕೊಂಡವರ ಖಾತೆಗಳು. ಎಲ್ಲರಿಗೂ ಒಂದೇ ದಾಳಿ, ಬಿದ್ದವರು ಮಾತ್ರ ಯಾರು ಅಂತ ನೋಡಿ.

ನಮ್ಮಲ್ಲಿ ಕೆಲಸ ಬಿಟ್ಟು ಹೋದವರ ಮೇಲ್ ಖಾತೆ ಹಾಗೇ ಇರುತ್ತೆ. ಎರಡು ವರ್ಷದ ಹಿಂದೆ ಬೆಂಗಳೂರಿಗೆ ಹೋದ ಹುಡುಗಿಯ ಹೆಸರಲ್ಲಿ ಇಂದಿಗೂ ಖಾತೆ ಜೀವಂತ, ಪಾಸ್‌ವರ್ಡ್ ಅವಳು ಸೇರಿದ ದಿನ ಕೊಟ್ಟದ್ದೇ. ಭದ್ರಾವತಿಯ ವಿಐಎಸ್‌ಎಲ್ ಗೇಟಿನಲ್ಲಿ ನಿವೃತ್ತರಾದವರು ಹಳೇ ಪಾಸ್ ತೋರಿಸಿ ಒಳಗೆ ಹೋಗ್ತೀನಿ ಅಂದ್ರೆ ಬಿಡ್ತಾರಾ? ಮೇಲ್‌ನಲ್ಲಿ ನಾವು ಬಿಟ್ಟುಕೊಂಡೇ ಇದ್ದೀವಿ.

ಎರಡನೇ ಹಂತದ ಓಟಿಪಿ ಹಾಕಿಸಿದೀವಿ, ಇನ್ನೇನು ಭಯ ಅನ್ನೋರಿಗೂ ಒಂದು ಮಾತು. ಬಹಳ ಕಡೆ ಓಟಿಪಿ ಕೇಳೋದು ವೆಬ್‌ಮೇಲ್ ಪುಟದಲ್ಲಿ ಮಾತ್ರ. ಔಟ್‌ಲುಕ್‌ಗೋ ಮೊಬೈಲ್‌ನ ಮೇಲ್ ಆ್ಯಪ್‌ಗೋ ಸೇರಿಸುವಾಗ ಬರೀ ಪಾಸ್‌ವರ್ಡ್ ಸಾಕಾಗುತ್ತೆ. ಬಾಟ್ ತಟ್ಟುವುದೂ ಆ ದಾರಿಯನ್ನೇ. ಈ ದಾರಿಗೆ ಪ್ರತ್ಯೇಕವಾದ ಉದ್ದನೆಯ ಆ್ಯಪ್ ಪಾಸ್‌ವರ್ಡ್ ಇಡುವ ಅನುಕೂಲ ಇದೆಯಾ ಅಂತ ಕೇಳಬೇಕು.

ಯಾರನ್ನು ಕೇಳೋದು, ಏನಂತ ಕೇಳೋದು

ಅಂಗಡಿಯವರು ಸರ್ವರ್ ಕಲಿಯಬೇಕಾಗಿಲ್ಲ. ಹೋಸ್ಟಿಂಗ್ ನೋಡಿಕೊಳ್ಳುವವರಿಗೆ ವರ್ಷದ ದುಡ್ಡು ಕಟ್ಟುವ ದಿನ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಮೇಲ್ ಕಳಿಸೋದು, ಓದೋದು, ವೆಬ್‌ಮೇಲ್, ಮೂರಕ್ಕೂ ತಪ್ಪು ಲಾಗಿನ್ ತಡೆ ಚಾಲೂ ಇದೆಯಾ? ಎಷ್ಟು ತಪ್ಪಿಗೆ ಎಷ್ಟು ಹೊತ್ತು? ನಾವು ಬ್ಲಾಕ್ ಆದರೆ ತೆಗೆಯೋರು ಯಾರು, ಭಾನುವಾರ ಫೋನ್ ಎತ್ತುತ್ತೀರಾ? ಲಾಗ್ ಎಷ್ಟು ದಿನ ಇಟ್ಟಿರ್ತೀರಾ? ಆಫೀಸಿಗೆ ಸ್ಥಿರ ಐಪಿ ವಿಳಾಸ ತಗೊಂಡಿದ್ದರೆ ಅದನ್ನು ‘ಇವರನ್ನು ತಡೀಬೇಡ’ ಪಟ್ಟಿಗೆ ಸೇರಿಸಿಸಬಹುದು. ಆದರೆ ಆಫೀಸಿನ ಕಂಪ್ಯೂಟರ್‌ಗೇ ವೈರಸ್ ಹೊಕ್ಕರೆ ಆ ಪಟ್ಟಿ ಕಳ್ಳನಿಗೂ ಅನುಕೂಲ. ಈ ಅಪಾಯ ಗೊತ್ತಿದ್ದು ಸೇರಿಸಿಸಿ.

ಕೊನೆಯ ಪ್ರಶ್ನೆಗೆ ಕಾನೂನಿನ ಬಲವೂ ಇದೆ. ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಅಕ್ರಮ ಪ್ರವೇಶದಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಸಣ್ಣ ಉದ್ಯಮಗಳಿಗೆ ಕೊಟ್ಟ ಗಡುವೂ 2022ರ ಸೆಪ್ಟೆಂಬರ್ 25ಕ್ಕೇ ಮುಗಿದಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಲಾಗ್ ಇಲ್ಲದಿದ್ದರೆ ಕೊಳ್ಳೆ ಹೊಡೆದವರು ಯಾವ ಬಾಗಿಲಿಂದ ಬಂದರು ಅಂತಲೂ ಗೊತ್ತಾಗಲ್ಲ. ಪೊಲೀಸರ ಹತ್ತಿರ ಹೋದರೆ ಅವರು ಮೊದಲು ಕೇಳೋದೂ ಅದನ್ನೇ.

ಸರ್ಕಾರಿ ಕಚೇರಿಗಳ ವಿಷಯ ಬೇರೆ. ಕೇಂದ್ರ ಸರ್ಕಾರ ತನ್ನ ಸುಮಾರು 12 ಲಕ್ಷ ನೌಕರರ ಮೇಲ್ ಅನ್ನು ಎನ್‌ಐಸಿಯಿಂದ ಜೋಹೋ ವ್ಯವಸ್ಥೆಗೆ ಬದಲಾಯಿಸಿದೆ. ವಿಳಾಸ ಹಳೆಯದೇ, ಹಿಂದಿನ ಯಂತ್ರ ಬೇರೆ. ಆದರೆ ತಾಲೂಕು ಮಟ್ಟಕ್ಕೆ ಬಂದರೆ ಎಷ್ಟೋ ಬೋರ್ಡುಗಳ ಮೇಲೆ ಇಂದಿಗೂ ಇರೋದು ಕಚೇರಿ ಹೆಸರಿನ ಜಿಮೇಲ್ ವಿಳಾಸ. ಜಿಮೇಲ್‌ನ ಕಾವಲು ಗಟ್ಟಿ ಇದೆ, ಅದರಲ್ಲಿ ಅನುಮಾನ ಇಲ್ಲ. ಅಧಿಕಾರಿ ವರ್ಗ ಆದಾಗ ಆ ಪಾಸ್‌ವರ್ಡ್ ಯಾರ ಜೊತೆ ಹೋಗುತ್ತೆ, ಓಟಿಪಿ ಯಾರ ಸ್ವಂತ ನಂಬರಿಗೆ ಬರುತ್ತೆ ಅನ್ನೋದು ಪ್ರಶ್ನೆ. ಜನ ತಮ್ಮ ಆಧಾರ್, ಪಹಣಿ ನಕಲು ಕಳಿಸೋದು ಆ ವಿಳಾಸಕ್ಕೇ.

ಹಣ ಹೋಗಿದೆ ಅಂತ ಗೊತ್ತಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಆಮೇಲೆ ಸಿಇಎನ್ ಠಾಣೆಗೆ ಹೋಗಿ. ಬರೀ ಮೇಲ್ ಬ್ಲಾಕ್ ಆಗಿದೆ ಅಂದರೆ ಮಾತ್ರ ಮತ್ತೆ ಮತ್ತೆ ಪಾಸ್‌ವರ್ಡ್ ಹೊಡೀತಾ ಕೂರಬೇಡಿ, ಅದು ಇನ್ನೂ ಐದು ತಪ್ಪು ಅಂತ ಲೆಕ್ಕ ಸೇರಿ ಬ್ಯಾನ್ ಉದ್ದ ಆಗಬಹುದು. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಒಂದು ಸಲ ನೋಡಿ. ಅಲ್ಲಿ ತೆರೆದರೆ ಸರ್ವರ್ ಬಿದ್ದಿಲ್ಲ ಅಂತ ಅರ್ಥ. ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ ‘ನಮ್ಮ ಆಫೀಸ್ ಐಪಿ ಬ್ಯಾನ್ ಆಗಿದೆಯಾ, ಯಾವ ಖಾತೆಯ ತಪ್ಪಿನಿಂದ ಆಗಿದೆ, ಲಾಗ್ ನೋಡಿ ಹೇಳಿ’ ಅನ್ನಿ. ಖಾತೆಯ ಹೆಸರು ಹೇಳಿದರೆ ಆ ಹಳೇ ಮೊಬೈಲ್ ಯಾರ ಡ್ರಾಯರ್‌ನಲ್ಲಿದೆ ಅಂತ ನಿಮಗೇ ಗೊತ್ತಾಗುತ್ತೆ.